ಆ ನಾಯಿ ಸೆರ್ವಾಂಟಿಸ್‌ನದಲ್ಲ

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: “‘ನಾಯಿ ಬೊಗಳ್ತಿವೆ ಸಾಂಚೊ, ಅಂದ್ರೆ ನಮ್ಮ ಸವಾರಿ ಸಾಗ್ತಿದೆ’ ಅನ್ನುವ ಡಾನ್ ಕ್ವಿಕ್ಸೋಟ್‌ನ ಮಾತು ಯಾವ ಅಧ್ಯಾಯದಲ್ಲಿದೆ? ಸೆರ್ವಾಂಟಿಸ್‌ನ ಇಂಥ ನುಡಿಗಳನ್ನು ಪ್ರತಿ ಸಂಚಿಕೆಯಲ್ಲೂ ಒಂದು ಬಾಕ್ಸ್ ಮಾಡಿ ಹಾಕಬಾರದೇ?”

ಸ್ಪೇನಿನ ಸೆರ್ವಾಂಟಿಸ್ ಬರೆದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯಲ್ಲಿ, ತಾನು ವೀರಯೋಧನೆಂಬ ಭ್ರಮೆಯಲ್ಲಿ ಅಲೆಯುವ ಕ್ವಿಕ್ಸೋಟ್ ತನ್ನ ಸೇವಕ ಸಾಂಚೊನಿಗೆ ಹೇಳಿದ್ದೆನ್ನುವ ಈ ಮಾತು ಯಾವ ಅಧ್ಯಾಯದಲ್ಲೂ ಇಲ್ಲ. 1605ರ ಮೊದಲ ಭಾಗದಲ್ಲೂ ಇಲ್ಲ, 1615ರ ಎರಡನೆಯದರಲ್ಲೂ ಇಲ್ಲ. ಹೆಚ್ಚುಕಮ್ಮಿ ಇದೇ ಮಾತು ಇರುವುದು ಜರ್ಮನ್ ಕವಿ ಗಯಟೆಯ ಪುಟ್ಟ ಪದ್ಯವೊಂದರಲ್ಲಿ. ಬೇಜಾರಾಗಬೇಡಿ, ಸ್ಪ್ಯಾನಿಷ್ ಮಾತಾಡುವವರೇ ಇದನ್ನು ಕ್ವಿಕ್ಸೋಟ್‌ನ ತಲೆಗೆ ಕಟ್ಟಿದ್ದಾರೆ.

ಇನ್ನೊಂದಿದೆ: ‘ಚರ್ಚಿಗೇ ಬಂದು ಮುಟ್ಟಿದೆವಲ್ಲೋ ಸಾಂಚೊ.’ ಧರ್ಮದ ದೊಡ್ಡವರನ್ನು ಎದುರು ಹಾಕಿಕೊಂಡರೆ ಕೆಲಸ ಕೆಟ್ಟಿತು ಅನ್ನುವ ಅರ್ಥದಲ್ಲಿ ಸ್ಪ್ಯಾನಿಷ್ ಮಾತಾಡುವವರು ಬಳಸುತ್ತಾರೆ. ಈ ಮಾತು ಪುಸ್ತಕದಲ್ಲಿದೆ. ಆದರೆ ಅಲ್ಲಿ ನಡುರಾತ್ರಿ, ಎಲ್ ಟೊಬೊಸೊ ಊರಲ್ಲಿ ಇಬ್ಬರೂ, ಕ್ವಿಕ್ಸೋಟ್ ಮನಸ್ಸಲ್ಲೇ ಕಟ್ಟಿಕೊಂಡ ಪ್ರೇಯಸಿ ಡಲ್ಸಿನಿಯಾಳ ಅರಮನೆ ಹುಡುಕುತ್ತಿದ್ದಾರೆ. ಕತ್ತಲಲ್ಲಿ ಏನೋ ದೊಡ್ಡದು ಕಂಡಿತೆಂದು ಹೋದರೆ ಊರಿನ ಚರ್ಚು. ಅಷ್ಟೇ!

ಗಾದೆಗಳ ಮೂಟೆ ಇರುವುದು ಸಾಂಚೊನ ಹತ್ತಿರ. ಅವೂ ಹೆಚ್ಚಿನವು ಸೆರ್ವಾಂಟಿಸ್ ಕಟ್ಟಿದ್ದಲ್ಲ, ಜನರ ಬಾಯಲ್ಲಿದ್ದವು. 1508ರಲ್ಲಿ ಸೆವಿಲ್‌ನಲ್ಲಿ ಅಚ್ಚಾದ ಗಾದೆ ಸಂಗ್ರಹದ ಹೆಸರೇ ‘ಒಲೆ ಮುಂದೆ ಕೂತು ಮುದುಕಿಯರು ಹೇಳುವ ಗಾದೆಗಳು’. ಮೊದಲ ಭಾಗದಲ್ಲಿ ಕ್ವಿಕ್ಸೋಟ್, ಸುಳ್ಳಾಗುವ ಗಾದೆಯೇ ಇಲ್ಲ ಅನ್ನುತ್ತಾನೆ. ನಮ್ಮ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ನೆನಪಾಯಿತು, ಅಲ್ವಾ? ಎರಡನೆಯದಕ್ಕೆ ಬರುವಷ್ಟರಲ್ಲಿ ಅದೇ ಮನುಷ್ಯ, ನಿನ್ನನ್ನೂ ನಿನ್ನ ಗಾದೆಗಳನ್ನೂ ಅರವತ್ತು ಸಾವಿರ ಸೈತಾನರು ಹೊತ್ತೊಯ್ಯಲಿ ಎಂದು ಸಾಂಚೊನಿಗೆ ಶಾಪ ಹಾಕುತ್ತಾನೆ. ಸಾಂಚೊ ಸುಮ್ನಿರುತ್ತಾನೆಯೇ? ‘ಕೊಡ ಕಲ್ಲಿಗೆ ಬಡಿದರೂ ಕಲ್ಲು ಕೊಡಕ್ಕೆ ಬಡಿದರೂ ಕೇಡು ಕೊಡಕ್ಕೇ’ ಎಂದು ಇನ್ನೊಂದಷ್ಟು ಉದುರಿಸುತ್ತಾನೆ. ನಮ್ಮಲ್ಲಿ ಮುಳ್ಳು ಮತ್ತು ಬಟ್ಟೆ, ಅಲ್ಲಿ ಕಲ್ಲು ಮತ್ತು ಕೊಡ.

ಬಾಕ್ಸ್ ಯಾಕೆ ಬೇಡ ಅನ್ನುತ್ತೇನೆ ಕೇಳಿ. ‘ಲೋಕದಲ್ಲಿ ಇರೋದು ಎರಡೇ ಕುಲ, ಇದ್ದೋರು ಮತ್ತು ಇಲ್ಲದೋರು’ ಎಂಬ ಸಾಂಚೊನ ಮಾತನ್ನು ಹಾಗೇ ಹಾಕಿದರೆ ಯಾರೋ ಕ್ರಾಂತಿಕಾರಿ ಹೇಳಿದಂತೆ ಕಾಣುತ್ತದೆ. ನಡೆದದ್ದೇ ಬೇರೆ. ಕಮಾಚೊ ಎಂಬ ಸಿರಿವಂತ ರೈತನ ಮದುವೆ. ಅವನಿಗೆ ಗೊತ್ತಾದ ಹುಡುಗಿಯನ್ನು ಪ್ರೀತಿಸಿದವನು ಬಡವ ಬಸಿಲಿಯೊ. ಮೊದಲು ಸಾಂಚೊ ಈ ಬಡವನ ಕಡೆಗೇ ಇದ್ದ. ಅಷ್ಟರಲ್ಲಿ ಅಡುಗೆಯವನ ಹತ್ತಿರ, ನನ್ನ ರೊಟ್ಟಿ ಚೂರನ್ನು ನಿಮ್ಮ ಹಂಡೆಯಲ್ಲಿ ಅದ್ದಿಕೊಳ್ಳಲೇ ಎಂದು ಕೇಳಿದ. ಪುಣ್ಯಾತ್ಮ ಮೂರು ಕೋಳಿ, ಎರಡು ಹೆಬ್ಬಾತು ಎತ್ತಿ ಕೊಟ್ಟು, ಊಟದ ಹೊತ್ತಿನವರೆಗೆ ಇಷ್ಟು ಸಾಕು ಅಂದ! ಆ ಕೋಳಿ ಕಡಿಯುತ್ತಾ ಸಾಂಚೊ ತನ್ನ ಅಜ್ಜಿಯ ಈ ಮಾತು ತೆಗೆಯುತ್ತಾನೆ. ಅಜ್ಜಿ ಇದ್ದೋರ ಕಡೆಗಿದ್ದಳು, ನಾನೂ ಕಮಾಚೊನ ಕಡೆಗೇ ಅನ್ನುತ್ತಾನೆ. ಬಾಕ್ಸ್‌ಗೆ ಗಾದೆ ಬರುತ್ತದೆ, ಕೋಳಿ ಬರುವುದಿಲ್ಲ.

ಹಾಗಾಗಿ ನಿಮಗೊಂದು ಕೆಲಸ. ಎರಡನೇ ಭಾಗದ 20ನೇ ಅಧ್ಯಾಯ ಓದಿ, ಆ ಮದುವೆಯನ್ನು ಒಂದು ಪುಟದಲ್ಲಿ ಬರೆದು ಕಳಿಸಿ. ಹಾಕುತ್ತೇವೆ. ಹೆಬ್ಬಾತುಗಳನ್ನು ಮಾತ್ರ ಬಿಡಬೇಡಿ.

— ಸಂಪಾದಕ