ಇನ್ನೊಂದು ದೇಶದ ಹೊಟ್ಟೆಯೊಳಗಿನ ದೇಶ

ಪ್ರಶ್ನೆ: ಮಗಳ ಅಟ್ಲಾಸಿನಲ್ಲಿ ದಕ್ಷಿಣ ಆಫ್ರಿಕಾದ ಒಳಗೆ ಬೇರೆ ಬಣ್ಣದ ಒಂದು ಚುಕ್ಕೆ ಇದೆ. ಲೆಸೊಥೊ ಅಂತೆ. ಸುತ್ತಲೂ ಒಂದೇ ದೇಶ ಇದ್ದರೂ ಇದು ಅದರಲ್ಲಿ ಸೇರಿಹೋಗಲಿಲ್ಲ ಯಾಕೆ?

ಉತ್ತರ: ಶಾಲೆಯಲ್ಲಿದ್ದಾಗ ನಾನು ಅದನ್ನು ಅಚ್ಚಿನ ಕಲೆ ಅಂದುಕೊಂಡು ಉಗುರಿನಿಂದ ಕೆರೆದು ನೋಡಿದ್ದೆ! ಬರೆಯುವುದು ಹೇಗೇ ಇರಲಿ, ಅಲ್ಲಿನವರು ಹೇಳುವುದು 'ಲೆಸೂಟು'. ಜನ ಬಸೋಟೊ, ಒಬ್ಬನೇ ಆದರೆ ಮೊಸೋಟೊ, ಮಾತು ಸೆಸೋಟೊ.

ಸೇರದೆ ಉಳಿದದ್ದಕ್ಕೆ ಒಂದು ಬೆಟ್ಟ, ಒಬ್ಬ ರಾಜ ಕಾರಣ. ರಾಜ ಮೊದಲನೇ ಮೊಶ್ವೆಶ್ವೆ. 1824ರಲ್ಲಿ ತನ್ನ ಜನರನ್ನು ಕರೆದುಕೊಂಡು ಥಾಬಾ ಬೊಸಿಯು ಎಂಬ ಬೆಟ್ಟ ಹತ್ತಿ ಕೂತ. ತಲೆ ಚಪ್ಪಟೆ, ಸುತ್ತ ಕಡಿದಾದ ಬಂಡೆ, ಮೇಲೆ ನೀರಿನ ಊಟೆ. ಡಚ್ ಮೂಲದ ವಲಸೆಗಾರ ರೈತರಾದ ಬೋಯರ್‌ಗಳು ಬಂದೂಕು ಹಿಡಿದು ಬಂದರೂ ಈ ಬೆಟ್ಟ ಅವರ ಕೈಗೆ ಸಿಗಲಿಲ್ಲ. ಆದರೆ ಕೆಳಗಿನ ಒಳ್ಳೆಯ ಹೊಲಗಳು ಹೋದವು. ಕೊನೆಗೆ 1868ರಲ್ಲಿ ಬ್ರಿಟಿಷರ ಆಶ್ರಯ ಸಿಕ್ಕಿತು. ಹಾಗಾಗಿ 1910ರಲ್ಲಿ ದಕ್ಷಿಣ ಆಫ್ರಿಕಾ ಒಕ್ಕೂಟ ಆದಾಗ ಇದು ಹೊರಗುಳಿಯಿತು. 1966ರ ಅಕ್ಟೋಬರ್ 4ರಂದು ಸ್ವತಂತ್ರವಾಯಿತು. ಹೊಲ ಕೊಟ್ಟು ಬೆಟ್ಟ ಉಳಿಸಿಕೊಂಡರು ಅನ್ನಬಹುದು. ಅಲ್ಲಿನ ಬಡತನಕ್ಕೂ ಅರ್ಧ ಕಾರಣ ಅದೇ ಅಂತ ನನ್ನ ಲೆಕ್ಕ.

ಪ್ರಶ್ನೆ: ಬರೀ ಕಲ್ಲುಗುಡ್ಡ ಇಟ್ಟುಕೊಂಡು ಹೊಟ್ಟೆಪಾಡು ಹೇಗೆ?

ಉತ್ತರ: ನೀರು ಮಾರುತ್ತಾರೆ. ಸುಮ್ನೆ ಹೇಳ್ತಿಲ್ಲ. ಇಡೀ ದೇಶದಲ್ಲಿ ಅತಿ ತಗ್ಗಿನ ಜಾಗವೇ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಇಷ್ಟು ಎತ್ತರದ ತಳ ಬೇರೆ ಯಾವ ದೇಶಕ್ಕೂ ಇಲ್ಲ. ಮಳೆ, ಹಿಮ ಎಲ್ಲ ಇಲ್ಲಿ ಬೀಳುತ್ತದೆ. ಬಾಯಾರಿಕೆ ಕೆಳಗೆ, ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಕಡೆ. 1986ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡವು. 185 ಮೀಟರ್ ಎತ್ತರದ ಕಾಟ್ಸೆ ಅಣೆಕಟ್ಟು ಎದ್ದಿತು. ಬೆಟ್ಟದ ಹೊಟ್ಟೆಯೊಳಗೆ ಸುರಂಗ ಕೊರೆದು ನೀರು ಕಳಿಸುತ್ತಾರೆ. ದಾರಿಯಲ್ಲೇ ಮುಯೇಲಾದಲ್ಲಿ 72 ಮೆಗಾವ್ಯಾಟ್ ವಿದ್ಯುತ್ತೂ ತೆಗೆಯುತ್ತಾರೆ. ಜನ ನೀರನ್ನು 'ಬಿಳಿ ಚಿನ್ನ' ಅನ್ನುತ್ತಾರೆ. ಆದರೆ ಎಷ್ಟೋ ಗುಡ್ಡದ ಹಳ್ಳಿಗಳಲ್ಲಿ ಹೆಂಗಸರು ಇನ್ನೂ ಊಟೆಯಿಂದ ಬಕೆಟ್ ಹೊತ್ತು ತರುತ್ತಾರೆ. ಇದನ್ನು ಓದಿದಾಗೆಲ್ಲ ನನಗೆ ಕಸಿವಿಸಿ.

ವಜ್ರವೂ ಉಂಟು. ಲೆಟ್ಸೆಂಗ್ ಗಣಿ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಸಿಗುವುದು ಕಡಿಮೆ, ಸಿಕ್ಕರೆ ದೊಡ್ಡದು: 2018ರಲ್ಲಿ 910 ಕ್ಯಾರೆಟ್‌ನ ಒಂದು ಕಲ್ಲು ಸಿಕ್ಕಿ, 4 ಕೋಟಿ ಡಾಲರ್‌ಗೆ ಹೋಯಿತು. ಉಳಿದಂತೆ ಕುರಿಯ ಉಣ್ಣೆ, ಮೊಹೇರ್ ಎಂಬ ಅಂಗೋರಾ ಮೇಕೆಯ ಕೂದಲು, ಅಮೆರಿಕಕ್ಕೆ ಹೋಗುವ ಜೀನ್ಸ್ ಹೊಲಿಗೆ, ಮತ್ತೆ ದಕ್ಷಿಣ ಆಫ್ರಿಕಾದಲ್ಲಿ ದುಡಿಯುವವರು ಮನೆಗೆ ಕಳಿಸುವ ದುಡ್ಡು. ಹಣದ ಹೆಸರು ಲೋಟಿ, ಒಂದು ಲೋಟಿ ಅಂದರೆ ದಕ್ಷಿಣ ಆಫ್ರಿಕಾದ ಒಂದು ರ‍್ಯಾಂಡ್.

ಪ್ರಶ್ನೆ: ಅಲ್ಲಿ ಎಲ್ಲರೂ ಕಂಬಳಿ ಹೊದ್ದೇ ಓಡಾಡ್ತಾರಂತೆ. ಆಫ್ರಿಕಾದಲ್ಲಿ ಚಳಿನಾ?

ಉತ್ತರ: ಜೂನ್, ಜುಲೈನಲ್ಲಿ ಹಿಮ ಬೀಳುವ ಊರು ಸ್ವಾಮಿ! 1860ರ ಸುಮಾರಿಗೆ ಒಬ್ಬ ವ್ಯಾಪಾರಿ ಮೊಶ್ವೆಶ್ವೆಗೆ ಉಣ್ಣೆ ಕಂಬಳಿ ಕೊಟ್ಟ. ರಾಜ ಹೊದ್ದ ಮೇಲೆ ಊರೆಲ್ಲ ಹೊದ್ದಿತು. ಗಂಡಸರು ಬಲ ಭುಜದ ಮೇಲೆ ಪಿನ್ ಹಾಕುತ್ತಾರೆ, ಹೆಂಗಸರು ಎದೆಯ ಮೇಲೆ. ಮುಸುಕಿನ ಜೋಳದ ತೆನೆಯ ಚಿತ್ರ ಇದ್ದರೆ ಅದು ಸಮೃದ್ಧಿಯ ಗುರುತು. ನನಗೆ ಜಾಸ್ತಿ ಇಷ್ಟ ಅದರಲ್ಲಿರುವ ಸಣ್ಣ ಪಟ್ಟೆ. ಮೊದಲು ಅದು ಮಗ್ಗದಲ್ಲಾದ ತಪ್ಪಂತೆ. ನೋಡಿದವರಿಗೆ ಹಿಡಿಸಿತು, ಗಿರಣಿಯವರು ಅದನ್ನೇ ಮುಂದುವರಿಸಿದರು. ಈಗ ಆ ಪಟ್ಟೆ ನೆಟ್ಟಗೆ ಕೆಳಗಿಳಿಯುವ ಹಾಗೆಯೇ ಹೊದೆಯಬೇಕು. ಅಡ್ಡ ಬಂದರೆ ಬೆಳವಣಿಗೆ ನಿಂತುಹೋಗುತ್ತದಂತೆ.