ಕಡಿಮೆ ಖರ್ಚಿನಲ್ಲಿ ಹಳೇ ಕಾಲದ ಕ್ರಿಸ್ಮಸ್ ಮಾಡುವುದು ಹೇಗೆ?

ಎರಡು ಸಾವಿರ ರೂಪಾಯಿಯೊಳಗೆ, ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಿಂದೆ ಮಾಡುತ್ತಿದ್ದಂಥ ಕ್ರಿಸ್ಮಸ್ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ಡಿಸೆಂಬರ್ 12–13ಕ್ಕೇ ಕೈಹಚ್ಚಬೇಕು. 20 ದಾಟಿದರೆ ನಕ್ಷತ್ರ, ಕುಸ್ವಾರ್ (ಹಬ್ಬದ ತಿಂಡಿಗಳು) ಎಲ್ಲವನ್ನೂ ಅಂಗಡಿಯಿಂದ ತರಬೇಕಾಗುತ್ತದೆ. ದುಡ್ಡು ಸೋರುವುದು ಅಲ್ಲೇ.

ಮೊದಲು ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಹಸಿರು. ಒಂದು ಹಿಡಿ ರಾಗಿಯನ್ನು ರಾತ್ರಿಯಿಡೀ ನೆನೆಸಿ, ಗೆರಟೆ ಅಥವಾ ಅಗಲ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮಣ್ಣು ಹರಡಿ ಬಿತ್ತಿ. ಒದ್ದೆ ಗೋಣಿ ಮುಚ್ಚಿ, ಮೊಳಕೆ ಕಂಡ ಕೂಡಲೇ ತೆಗೆದು ಬೆಳಕಿಗಿಡಿ. ತಡವಾದರೆ ಪೈರು ಹಳದಿಯಾಗಿ ಸೊರಗುತ್ತದೆ. ನೀರನ್ನು ಕೈಯಿಂದ ಚಿಮುಕಿಸಿ. ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಸೇರುತ್ತದೆ. ಗೋದಲಿಯ ಮಾಡಿಗೆ (ಸೂರಿಗೆ) ಅಡಿಕೆ ಹಾಳೆ, ನೆಲಕ್ಕೆ ಬೈಹುಲ್ಲು ಸಾಕು. ಬಾಲಯೇಸುವಿನ ಜಾಗ 24ರ ರಾತ್ರಿಯವರೆಗೆ ಖಾಲಿ ಇರಲಿ.

ನಕ್ಷತ್ರಕ್ಕೆ ಎರಡೂವರೆ ಅಡಿಯ ಹತ್ತು ಬಿದಿರಿನ ಸೀಳು ಬೇಕು. ಐದೈದರಲ್ಲಿ ಒಂದೊಂದು ನಕ್ಷತ್ರ ಕಟ್ಟಿ, ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳಲ್ಲಿ ಬಿಗಿಯಿರಿ. ಒಳಗೆ ಸೀಳುಗಳು ಒಂದನ್ನೊಂದು ದಾಟುವ ಐದು ಕಡೆ ಆರಿಂಚಿನ ಕಡ್ಡಿ ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ಗಾಳಿಪಟದ ಕಾಗದವನ್ನು ಮೈದಾ ಅಂಟಿನಲ್ಲಿ ಹಚ್ಚಿ, ಬಲ್ಬು ಇಳಿಸಲು ಒಂದು ಕಡೆ ಬಿಡಿ. 5 ವಾಟಿನ ಎಲ್‌ಇಡಿ ಸಾಕು. ಹಳೆಯ ಬಿಸಿ ಬಲ್ಬು ಕಾಗದವನ್ನು ಸುಡಬಹುದು. ಮಾಡಿನಡಿ ತೂಗುಹಾಕಿ, ಇಬ್ಬನಿ ಬಿದ್ದರೆ ಅಂಟು ಬಿಡುತ್ತದೆ.

ಕುಸ್ವಾರಿನಲ್ಲಿ ಹತ್ತು ಬಗೆ ಮಾಡಲು ಹೋಗಬೇಡಿ. ಕಿಡಿಯೊ, ತುಕ್ಡಿ (ಶಂಕರಪೋಳಿಯಂಥ ತುಂಡುಗಳು), ನೆವ್ರಿ (ಕರ್ಜಿಕಾಯಿಯಂಥದು), ಈ ಮೂರೇ ತಟ್ಟೆ ತುಂಬಿಸುತ್ತವೆ. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ಆಕಾರ ಹಾಗೇ ಇರುತ್ತದೆ. ಅರ್ಧ ಕೆಜಿ ಮೈದಾಕ್ಕೆ ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು ಬೆರೆಸಿ, ದಪ್ಪ ತೆಂಗಿನ ಹಾಲನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಚಪಾತಿ ಹದಕ್ಕೆ ಕಲಸಿ. ಸುಮಾರು ಒಂದು ಲೋಟ ಹಿಡಿಯುತ್ತದೆ. ಅರ್ಧ ಗಂಟೆ ಮುಚ್ಚಿಟ್ಟು, ಗೋಲಿಗಿಂತ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ. ಉರಿ ಮಧ್ಯಮಕ್ಕಿಂತ ಕಡಿಮೆ ಇರಲಿ. ಜೋರು ಉರಿಯಲ್ಲಿ ಹೊರಗೆ ಬಣ್ಣ ಬಂದರೂ ಒಳಗೆ ತೇವ ಉಳಿದು ಎರಡೇ ದಿನಕ್ಕೆ ಮೆತ್ತಗಾಗುತ್ತವೆ. ಆರಿದ ಮೇಲೆ 200 ಗ್ರಾಂ ಸಕ್ಕರೆಯ ಗಟ್ಟಿ ಎಳೆಪಾಕಕ್ಕೆ ಹಾಕಿ, ಒಲೆ ಆರಿಸಿ, ಬಿಳಿ ಪುಡಿ ಹಿಡಿಯುವವರೆಗೆ ಮಗುಚುತ್ತಲೇ ಇರಿ. ಪಾಕ ಎಳಸಾದರೆ ಕೈಗೆ ಅಂಟುತ್ತದೆ.

ನೆವ್ರಿ ಕೆಡುವುದು ಹೂರಣದಿಂದ. ತೆಂಗಿನ ತುರಿಯನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗುವಷ್ಟು ಹುರಿದು, ಪೂರ್ತಿ ಆರಿದ ಮೇಲೆಯೇ ಹುರಿದ ಎಳ್ಳು, ಸಕ್ಕರೆ, ಏಲಕ್ಕಿ ಸೇರಿಸಿ. ಹಸಿ ಉಳಿದರೆ ಬೇಗ ಮುಗ್ಗಲು ವಾಸನೆ ಬರುತ್ತದೆ.

ಎಣ್ಣೆ ಉಳಿಸಲು ಕರಿಯುವ ಸರದಿ ಮುಖ್ಯ: ಮೊದಲು ಕಿಡಿಯೊ, ಆಮೇಲೆ ತುಕ್ಡಿ, ಕಟ್ಟಕಡೆಗೆ ನೆವ್ರಿ. ಒಂದು ನೆವ್ರಿ ಬಾಯಿಬಿಟ್ಟರೂ ಎಳ್ಳು, ಸಕ್ಕರೆ ಸುಟ್ಟು ಎಣ್ಣೆ ಕಪ್ಪಾಗುತ್ತದೆ. ಎಲ್ಲವನ್ನೂ 22ರ ಸುಮಾರಿಗೆ ಒಂದೇ ದಿನ ಕರಿದುಬಿಡಿ. ಬಿಸಿ ಇರುವಾಗ ಡಬ್ಬಿಗೆ ತುಂಬಬೇಡಿ, ಹಬೆಗೇ ಮೆತ್ತಗಾಗುತ್ತವೆ. ತುಂಬುವ ಮೊದಲು ನೆರೆಮನೆಗಳ ಪಾಲನ್ನು ಬೇರೆ ತೆಗೆದಿಡಿ. ಕುಸ್ವಾರ್ ಮಾಡುವುದೇ ಹಂಚಲಿಕ್ಕೆ.