ಎರಡು ಕಡೆಗೂ ಒಂದೊಂದು ನೆಪ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಇಪ್ಪತ್ತರ ಹುಡುಗ. ಎಂಜಿನಿಯರಿಂಗ್ ಐದನೇ ಸೆಮಿಸ್ಟರ್, ಯೂನಿವರ್ಸಿಟಿ ಕ್ರಿಕೆಟ್ ತಂಡದ ಓಪನರ್, ತರಗತಿಯಲ್ಲೂ ಮೊದಲಿಗ. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದ. ಕಿಟ್ ಬ್ಯಾಗಿನಲ್ಲಿ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಕವರ್ ಸುತ್ತಿದ ಲ್ಯಾಬ್ ರೆಕಾರ್ಡ್. ಅದರ ಕೊನೇ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಎಡಕ್ಕೆ ರನ್ನು, ಬಲಕ್ಕೆ ಇಂಟರ್ನಲ್ಸ್ ಅಂಕ.

ಬಿಡುವಿಲ್ಲದೆ ಸುಸ್ತಾಗಿದ್ದಾನೆ ಅಂದುಕೊಂಡು ಮೊದಲ ಸಲ ವೇಳಾಪಟ್ಟಿ ಬರೆಸಿ ಕಳಿಸಿಬಿಟ್ಟೆ. ನನ್ನದೇ ಅವಸರ. ಎರಡನೇ ಸಲ ಆ ಪುಟವನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಕೇಳಿದೆ. ಬೇಗ ಔಟಾದ ಪ್ರತಿ ಸಲವೂ "ಮರುದಿನ ಟೆಸ್ಟ್ ಇತ್ತು ಮೇಡಂ." ಅಂಕ ಇಳಿದಲ್ಲೆಲ್ಲ "ಹಿಂದಿನ ವಾರ ಮ್ಯಾಚ್ ಇತ್ತು."

"ಎರಡೂ ಇಲ್ಲದಿದ್ದರೆ?"

ಬ್ಯಾಗಿನ ಜಿಪ್ ಎಳೆಯುತ್ತಾ, ಬಿಡುತ್ತಾ ಸುಮಾರು ಹೊತ್ತು ಕೂತ. "ಸಿಗ್ನಲ್ಸ್ ಪೇಪರ್ ತಲೆಗೇ ಹತ್ತಿಲ್ಲ. ಕೇಳೋಕೆ ನಾಚಿಕೆ."

ಎಲ್ಲರೂ ಎರಡರಲ್ಲೂ ಹುಲಿ ಅಂತ ಬೆನ್ನು ತಟ್ಟಿದ ಹುಡುಗ ಡೌಟ್ ಕೇಳುವುದು ಹೇಗೆ? ಕೆಲಸದ ಹೊರೆಗಿಂತ ಅವನ ನಿದ್ದೆಗೆಡಿಸಿದ್ದು ಇದು.

ಒಂದನ್ನು ಸ್ವಲ್ಪ ಸಡಿಲ ಬಿಟ್ಟರೆ ಅದು ಕೈತಪ್ಪಿಯೇ ಹೋಗುತ್ತದೆಂಬ ಭಯವೂ ಇತ್ತು. ಭಾರತ ತಂಡದ ಸ್ಪಿನ್ ಬೌಲರ್ ಆಗಿದ್ದ ಎರಪಳ್ಳಿ ಪ್ರಸನ್ನ ಅವರ ವಿಷಯ ಹೇಳಿದೆ. 1962ರಲ್ಲಿ ಟೆಸ್ಟ್ ಕ್ರಿಕೆಟ್‌ಗೆ ಕಾಲಿಟ್ಟು, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮಾಡಿ ಬಂದು, ಎಂಜಿನಿಯರಿಂಗ್ ಮುಗಿಸಲು ಆಟದಿಂದ ದೂರ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಒಟ್ಟು 49 ಟೆಸ್ಟ್, 189 ವಿಕೆಟ್. ಎಲ್ಲರಿಗೂ ಹಾಗೆ ವಾಪಸ್ ದಾರಿ ಸಿಗುವುದಿಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ಅವನಿಗೆ ಬೇಕಿದ್ದದ್ದು ಐದು ವರ್ಷವಲ್ಲ, ಐದು ವಾರ.

ಆ ಐದು ವಾರ ಓದು ಮುಂದೆ, ಆಟ ಹಿಂದೆ; ಅದನ್ನು ಕೋಚ್‌ಗೆ ಅವನೇ ಹೇಳಬೇಕು. ಟೂರ್ನಿ ದಿನಗಳ ಹಾಜರಾತಿ ಪತ್ರವನ್ನು ಹೊರಡುವ ಮೊದಲೇ ಕೊಡಬೇಕು, ಬಂದಮೇಲೆ ಅಲೆಯಬಾರದು. ದಿನವಿಡೀ ಬಿಸಿಲಲ್ಲಿ ನಿಂತ ರಾತ್ರಿ ಪುಸ್ತಕ ಮುಟ್ಟುವಂತಿಲ್ಲ. ಸಿಗ್ನಲ್ಸ್ ಅನ್ನು ಹಿಂದಿನ ಬೆಂಚಿನ ಯಾವ ಗೆಳೆಯನಿಗೆ ಅರ್ಥವಾಗಿದೆಯೋ ಅವನ ಹತ್ತಿರ ಹೇಳಿಸಿಕೊಳ್ಳಬೇಕು. ಇದೊಂದಕ್ಕೆ ಮುಖ ಕಿವಿಚಿದ. ಇನ್ನು ಪೆನ್ಸಿಲ್ ಲೆಕ್ಕ ಬಂದ್. ಔಟಾದದ್ದು ಹೇಗೆ ಅಂತ ಮಾತ್ರ ಒಂದು ಸಾಲು ಬರೆಯಬಹುದು.

ಎರಡು ತಿಂಗಳ ನಂತರ ಬಂದ. ಸಿಗ್ನಲ್ಸ್ ಪಾಸಾಗಿತ್ತು, ಅಂಕ ಹೇಳಿಕೊಳ್ಳುವಂಥದ್ದಲ್ಲ. ನಿದ್ದೆ ಪರವಾಗಿಲ್ಲ.

"ಮೊನ್ನೆ ಮ್ಯಾಚ್?"

"ನಾಲ್ಕು ರನ್, ಮೇಡಂ."

"ಯಾಕೆ?"

"ಆಫ್ ಸ್ಟಂಪ್ ಆಚೆ ಹೋಗೋ ಬಾಲಿಗೆ ಬ್ಯಾಟ್ ಇಟ್ಟೆ."